ಕವಿತೆ ಮತ್ತು ಚಿತ್ರ: ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುವ ಬಗೆ

ಮೇಣದಿಂದ ಅಂಟಿಸಿದ ರೆಕ್ಕೆಗಳನ್ನು ಕಟ್ಟಿಕೊಂಡು ತಂದೆ ಡೀಡಲಸನ ಜೊತೆ ಹಾರಿದ ಇಕಾರಸ್ ಸೂರ್ಯನಿಗೆ ತೀರ ಸಮೀಪ ಹೋಗಿ, ಮೇಣ ಕರಗಿ, ಕಡಲಿಗೆ ಬಿದ್ದು ಸತ್ತ ಕಥೆಯನ್ನು ರೋಮಿನ ಕವಿ ಓವಿಡ್ ತನ್ನ ‘ಮೆಟಮಾರ್ಫಸಿಸ್’ ಕಾವ್ಯದ ಎಂಟನೆಯ ಭಾಗದಲ್ಲಿ ಹೇಳಿದ್ದಾನೆ. ಆ ಕಥನದ ನಡುವೆ ಒಂದು ಸಣ್ಣ ವಿವರ ಬರುತ್ತದೆ. ಆಕಾಶದಲ್ಲಿ ಹಾರುತ್ತಿರುವ ಇಬ್ಬರನ್ನು ನೆಲದ ಮೇಲಿನ ಮೂವರು ನೋಡುತ್ತಾರೆ: ಗಾಳ ಹಿಡಿದ ಮೀನುಗಾರ, ಕೋಲಿಗೆ ಒರಗಿದ ಕುರುಬ, ನೇಗಿಲ ಮೇಳಿ ಹಿಡಿದ ರೈತ. ಮೂವರೂ ಬೆರಗಾಗಿ, ಹೀಗೆ ಹಾರಬಲ್ಲವರು ದೇವತೆಗಳೇ ಇರಬೇಕು ಎಂದುಕೊಳ್ಳುತ್ತಾರೆ.

ಸುಮಾರು ಒಂದೂವರೆ ಸಾವಿರ ವರ್ಷಗಳ ನಂತರ ಇದೇ ಕಥೆಯನ್ನು ಎತ್ತಿಕೊಂಡ ಚಿತ್ರವೊಂದು ಈಗ ಬ್ರಸೆಲ್ಸಿನ ರಾಜ ಕಲಾಸಂಗ್ರಹಾಲಯದಲ್ಲಿದೆ. ಪೀಟರ್ ಬ್ರೂಗೆಲನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಚಿತ್ರ, ಅವನದೇ ಕಳೆದುಹೋದ ಮೂಲವೊಂದರ ಪ್ರತಿಯಿರಬಹುದೆಂದು ಈಗಿನ ಹಲವು ವಿದ್ವಾಂಸರ ಅಭಿಪ್ರಾಯ. ಓವಿಡನ ಮೂವರೂ ಚಿತ್ರದಲ್ಲಿದ್ದಾರೆ, ಆದರೆ ಅವರ ನೋಟ ಬದಲಾಗಿದೆ. ರೈತನ ಕಣ್ಣು ತನ್ನ ನೇಗಿಲಸಾಲಿನ ಮೇಲಿದೆ. ಕುರುಬ ಮೇಲಕ್ಕೆ ನೋಡುತ್ತಿದ್ದಾನೆ ನಿಜ, ಆದರೆ ಬೀಳುವವನಿಗೆ ಬೆನ್ನು ಮಾಡಿ. ಮೀನುಗಾರ ತನ್ನ ಕೆಲಸದಲ್ಲಿ ಮುಳುಗಿದ್ದಾನೆ. ಕಥಾನಾಯಕನಾದ ಇಕಾರಸನನ್ನು ಹುಡುಕಬೇಕು; ಬಲಗಡೆಯ ಕೆಳಮೂಲೆಯಲ್ಲಿ, ದೊಡ್ಡದೊಂದು ಹಡಗಿನ ಹತ್ತಿರ, ನೀರಿನಿಂದ ಮೇಲೆ ಚಾಚಿದ ಎರಡು ಕಾಲುಗಳಷ್ಟೇ ಕಾಣುತ್ತವೆ. ಓವಿಡ್ ಬರೆದ ಬೆರಗನ್ನು ಚಿತ್ರಕಾರ ಉದಾಸೀನವನ್ನಾಗಿ ತಿರುಗಿಸಿದ್ದಾನೆ, ಮತ್ತು ಕಾವ್ಯವನ್ನು ಓದಿದವನಿಗೆ ಮಾತ್ರ ಈ ತಿರುವು ಎಷ್ಟು ಕಠೋರವಾದದ್ದು ಎಂಬುದು ಹೊಳೆಯುತ್ತದೆ.

ಇಲ್ಲಿಗೆ ಸರಪಳಿ ಮುಗಿಯುವುದಿಲ್ಲ. 1938ರ ಕೊನೆಯಲ್ಲಿ ಬ್ರಸೆಲ್ಸಿನಲ್ಲಿದ್ದ ಇಂಗ್ಲಿಷ್ ಕವಿ ಆಡೆನ್ ಆ ಸಂಗ್ರಹಾಲಯದ ಹೆಸರನ್ನೇ ತಲೆಬರಹವಾಗಿಟ್ಟು ಒಂದು ಕವಿತೆ ಬರೆದ. ನೋವನ್ನು ಕುರಿತು ಹಳೆಯ ಚಿತ್ರಕಾರರು ಎಂದೂ ತಪ್ಪಿದವರಲ್ಲ ಎಂಬ ಸಾಮಾನ್ಯ ಮಾತಿನಿಂದ, ಹರಟೆಯ ಧಾಟಿಯಲ್ಲಿ, ಕವಿತೆ ಆರಂಭವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಮುಗಿಯುವವರೆಗೆ ಇಕಾರಸನ ಪ್ರಸ್ತಾಪವೇ ಇಲ್ಲ. ಆಮೇಲೆ ಬರುವುದು ರೈತ, ಹಸಿರು ನೀರಿನಲ್ಲಿ ಮರೆಯಾಗುವ ಬಿಳಿಯ ಕಾಲುಗಳು, ಹುಡುಗನೊಬ್ಬ ಬಾನಿನಿಂದ ಬೀಳುವ ವಿಚಿತ್ರವನ್ನು ಕಂಡಿದ್ದರೂ ತಲುಪಬೇಕಾದ ಊರಿರುವುದರಿಂದ ಸುಮ್ಮನೆ ಸಾಗಿಬಿಡುವ ಹಡಗು. ಯುರೋಪು ಯುದ್ಧದ ಅಂಚಿನಲ್ಲಿ ನಿಂತಿದ್ದ ಆ ಚಳಿಗಾಲದಲ್ಲಿ ಹಳೆಯ ಚಿತ್ರವೊಂದರ ಉದಾಸೀನಕ್ಕೆ ಬೇರೆಯದೇ ಭಾರ ಬಂದಿತ್ತು. ಕವಿತೆ ಯುದ್ಧದ ಹೆಸರೆತ್ತದೆಯೇ ಆ ಭಾರವನ್ನು ಹೊತ್ತಿದೆ.

ಅಮೆರಿಕದ ವಿಲಿಯಮ್ ಕಾರ್ಲೊಸ್ ವಿಲಿಯಮ್ಸ್ ಅದೇ ಚಿತ್ರವನ್ನು ಕುರಿತು ಬರೆದ ಕವಿತೆ 1962ರ ಅವನ ಸಂಕಲನದಲ್ಲಿದೆ. ಅಲ್ಲಿ ಹರಟೆಯಿಲ್ಲ, ತತ್ತ್ವವಿಲ್ಲ, ವಿರಾಮಚಿಹ್ನೆಗಳೂ ಇಲ್ಲ. ಎರಡು ಮೂರು ಪದಗಳ ಸಾಲುಗಳಲ್ಲಿ ವಸಂತ, ಉಳುವ ರೈತ, ಬಿಸಿಲು, ಕರಗಿದ ಮೇಣ ಸಾಗುತ್ತವೆ. ಇಕಾರಸನ ಹೆಸರು ಆರಂಭದಲ್ಲೇ ಬಂದು ಮರೆತುಹೋಗುತ್ತದೆ. ಕಟ್ಟಕಡೆಯಲ್ಲಿ ಯಾರೂ ಗಮನಿಸದ ನೀರಿನ ಸದ್ದು, ಮತ್ತು ಅದು ಇಕಾರಸ್ ಮುಳುಗುತ್ತಿದ್ದ ಸದ್ದು ಎಂಬ ಮಾತು. ಚಿತ್ರದ ಎದುರು ನಿಂತವನ ಕಣ್ಣು ಶೀರ್ಷಿಕೆಯನ್ನು ಓದಿ, ವಿಶಾಲವಾದ ಭೂದೃಶ್ಯದಲ್ಲೆಲ್ಲ ಅಲೆದು, ಕೊನೆಗೆ ಆ ಎರಡು ಕಾಲುಗಳನ್ನು ಕಾಣುವ ಕ್ರಮವಿದೆಯಲ್ಲ, ಅದೇ ಕ್ರಮವನ್ನು ವಿಲಿಯಮ್ಸ್ ಸಾಲುಗಳ ಕ್ರಮವನ್ನಾಗಿ ಮಾಡಿದ್ದಾನೆ. ಆಡೆನ್ ಚಿತ್ರದ ಅರ್ಥಕ್ಕೆ ಉತ್ತರ ಕೊಟ್ಟರೆ ಈತ ಚಿತ್ರವನ್ನು ನೋಡುವ ಕ್ರಿಯೆಗೆ ಉತ್ತರ ಕೊಟ್ಟ. ನನಗೆ ಎರಡನೆಯದೇ ಹೆಚ್ಚು ಕಷ್ಟದ ಕೆಲಸವೆಂದು ತೋರುತ್ತದೆ, ಹೆಚ್ಚು ಹೆಸರಾದದ್ದು ಮೊದಲನೆಯದಾದರೂ.

ಕಾವ್ಯದಿಂದ ಚಿತ್ರ, ಚಿತ್ರದಿಂದ ಎರಡು ಕವಿತೆಗಳು. ಈ ಸಾಲಿನಲ್ಲಿ ಯಾರೂ ಹಿಂದಿನವನು ಹೇಳಿದ್ದನ್ನು ಮತ್ತೆ ಹೇಳಿಲ್ಲ. ಕವಿಗಳೂ ಕಲಾವಿದರೂ ಪರಸ್ಪರ ಸ್ಪಂದಿಸುವುದೆಂದರೆ ಒಂದು ಮಾಧ್ಯಮದಲ್ಲಿದ್ದದ್ದನ್ನು ಇನ್ನೊಂದಕ್ಕೆ ಅನುವಾದಿಸುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜವಾಗಿ ಫಲ ಕೊಟ್ಟ ಉದಾಹರಣೆಗಳನ್ನು ಬಿಡಿಸಿ ನೋಡಿದರೆ ಅಲ್ಲಿ ನಡೆದಿರುವುದು ಬೇರೆ: ಮೊದಲ ಕೃತಿ ತನ್ನ ಮಾಧ್ಯಮದ ಮಿತಿಯಿಂದಲೋ ತನ್ನ ಆಯ್ಕೆಯಿಂದಲೋ ಬಿಟ್ಟುಹೋದ ಜಾಗವೊಂದನ್ನು ಎರಡನೆಯದು ಪತ್ತೆಹಚ್ಚಿ ಅಲ್ಲಿ ಕಾಲಿಡುತ್ತದೆ.

ದೃಶ್ಯವನ್ನು ಮಾತಿನಲ್ಲಿ ಕಣ್ಣಿಗೆ ಕಟ್ಟಿಸುವುದಕ್ಕೆ ಗ್ರೀಕರು ‘ಎಕ್‌ಫ್ರಾಸಿಸ್’ ಎನ್ನುತ್ತಿದ್ದರು. ಭಾಷಣಕಲೆಯ ಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಅಭ್ಯಾಸ ಅದು. ಯುದ್ಧವನ್ನೋ ಊರನ್ನೋ ಹಬ್ಬವನ್ನೋ ಕೇಳುವವನು ಕಂಡಂತಾಗುವ ಹಾಗೆ ವರ್ಣಿಸಬೇಕಿತ್ತು. ಕಲಾಕೃತಿಯನ್ನು ಕುರಿತ ಕವಿತೆ ಎಂಬ ಇಕ್ಕಟ್ಟಾದ ಅರ್ಥ ಆ ಪದಕ್ಕೆ ಅಂಟಿದ್ದು ಬಹಳ ಈಚೆಗೆ. ಚಿತ್ರ ಮೂಕಕಾವ್ಯ, ಕಾವ್ಯ ಮಾತಾಡುವ ಚಿತ್ರ ಎಂಬ ಹೇಳಿಕೆಯನ್ನು ಪ್ಲುಟಾರ್ಕ್ ಗ್ರೀಕ್ ಕವಿ ಸಿಮೊನಿಡೀಸನದೆಂದು ಉಲ್ಲೇಖಿಸುತ್ತಾನೆ. ಕೇಳಲು ಸೊಗಸಾದ ಈ ಹೇಳಿಕೆ ಎರಡು ಕಲೆಗಳನ್ನು ಅವಳಿಗಳೆಂದು ನಂಬಿಸಿ, ಶತಮಾನಗಳ ಕಾಲ ಬಹಳ ಸಪ್ಪೆಯಾದ ವರ್ಣನಾಕಾವ್ಯಕ್ಕೆ ಅನುಮತಿಪತ್ರದಂತೆ ಬಳಕೆಯಾಯಿತು.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವನು ಜರ್ಮನ್ ವಿಮರ್ಶಕ ಲೆಸಿಂಗ್. 1766ರಲ್ಲಿ ಪ್ರಕಟವಾದ ಅವನ ಗ್ರಂಥಕ್ಕೆ ಹೆಸರು ಕೊಟ್ಟದ್ದು ರೋಮಿನಲ್ಲಿ 1506ರಲ್ಲಿ ನೆಲದಡಿಯಿಂದ ಸಿಕ್ಕ ಲಾವೊಕೂನ್ ಶಿಲ್ಪ: ಹಾವುಗಳು ಸುತ್ತಿಕೊಂಡ ತಂದೆ ಮತ್ತು ಇಬ್ಬರು ಮಕ್ಕಳು. ವರ್ಜಿಲನ ಕಾವ್ಯದಲ್ಲಿ ಲಾವೊಕೂನ್ ಗಾಯಗೊಂಡ ಹೋರಿಯಂತೆ ಅರಚುತ್ತಾನೆ. ಶಿಲ್ಪದಲ್ಲಿ ಅವನ ಬಾಯಿ ನರಳುವಷ್ಟೇ ತೆರೆದಿದೆ. ಏಕೆ? ಕಾವ್ಯದ ಕಿರುಚಾಟ ಒಂದು ಸಾಲಿನಲ್ಲಿ ಬಂದು ಮರುಸಾಲಿಗೆ ಮುಗಿದುಹೋಗುತ್ತದೆ, ಕಲ್ಲಿನಲ್ಲಿ ತೆರೆದ ಬಾಯಿ ಮಾತ್ರ ಎಂದೆಂದಿಗೂ ತೆರೆದೇ ಇರುತ್ತದೆ ಎಂಬುದು ಲೆಸಿಂಗನ ಉತ್ತರ. ಕಾವ್ಯದ ಸಾಮಗ್ರಿ ಕಾಲದಲ್ಲಿ ಒಂದರ ಹಿಂದೊಂದು ಬರುವ ಶಬ್ದಗಳು, ಚಿತ್ರಶಿಲ್ಪಗಳ ಸಾಮಗ್ರಿ ದೇಶದಲ್ಲಿ ಒಂದರ ಪಕ್ಕ ಒಂದು ನಿಂತ ಆಕಾರಗಳು. ಹಾಗಾಗಿ ಚಿತ್ರಕಾರ ಹಿಂದಿನದನ್ನೂ ಮುಂದಿನದನ್ನೂ ಊಹಿಸಬರುವಂಥ ಒಂದೇ ಗಳಿಗೆಯನ್ನು ಆರಿಸಿಕೊಳ್ಳಬೇಕು, ಕವಿ ವಸ್ತುವಿನ ಅಂಗಾಂಗಗಳ ಪಟ್ಟಿ ಕೊಡದೆ ಕ್ರಿಯೆಯನ್ನು ಹೇಳಬೇಕು ಎಂದು ಅವನು ವಾದಿಸಿದ. ಹೋಮರ್ ‘ಇಲಿಯಡ್’ನ ಹದಿನೆಂಟನೆಯ ಭಾಗದಲ್ಲಿ ಅಕಿಲೀಸನ ಗುರಾಣಿಯನ್ನು ಬಣ್ಣಿಸುವ ರೀತಿ ಅವನ ನೆಚ್ಚಿನ ನಿದರ್ಶನ. ಸಿದ್ಧವಾದ ಗುರಾಣಿಯನ್ನು ಎದುರಿಗಿಟ್ಟು ಹೋಮರ್ ವರ್ಣಿಸುವುದಿಲ್ಲ. ದೇವಶಿಲ್ಪಿ ಕುಲುಮೆಯ ಮುಂದೆ ನಿಂತು ಅದನ್ನು ತಟ್ಟಿ ತಟ್ಟಿ ಮಾಡುತ್ತಿರುವುದನ್ನು ಹೇಳುತ್ತಾನೆ. ಲೋಹದಲ್ಲಿ ಕೊರೆದ ಊರುಗಳಲ್ಲಿ ಮದುವೆ ನಡೆಯುತ್ತದೆ, ವ್ಯಾಜ್ಯ ನಡೆಯುತ್ತದೆ, ಮುತ್ತಿಗೆ ನಡೆಯುತ್ತದೆ. ಅಷ್ಟೆಲ್ಲ ಯಾವ ಗುರಾಣಿಯ ಮೇಲೂ ಹಿಡಿಸಲಾರದು. ಆ ಗುರಾಣಿ ಇದ್ದದ್ದು ಕವಿತೆಯಲ್ಲಿ ಮಾತ್ರ.

ಲೆಸಿಂಗನ ಗೆರೆ ಅವನು ಎಳೆದಷ್ಟು ನೇರವಾಗಿಲ್ಲ. ಒಂದೇ ಚೌಕಟ್ಟಿನೊಳಗೆ ಅದೇ ಕೃಷ್ಣನನ್ನು, ಅದೇ ರಾಧೆಯನ್ನು ಹಲವು ಕಡೆ ಬಿಡಿಸಿ, ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಂತೆ ಕಥೆಯೂ ಮುಂದೆ ಸರಿಯುವ ಹಾಗೆ ಮಾಡುವ ಚಿತ್ರಕ್ರಮವನ್ನೂ, ಸುರುಳಿ ಬಿಚ್ಚುತ್ತ ಹೋದಂತೆ ಪ್ರಯಾಣ ಬಿಚ್ಚಿಕೊಳ್ಳುವ ಚೀನೀ ಚಿತ್ರಗಳನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೂ ಎರಡು ಕಲೆಗಳ ನಡುವೆ ಹೊಂದದ ಒಂದು ಅಂತರವಿದೆ ಎಂಬ ಅವನ ಮೂಲ ಮಾತು ಉಪಯುಕ್ತ. ಅಂತರವಿಲ್ಲದಿದ್ದರೆ ಉತ್ತರ ಕೊಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಈ ಅಂತರವನ್ನು ಯಾವ ಸಿದ್ಧಾಂತಕ್ಕಿಂತಲೂ ಚೆನ್ನಾಗಿ ತೋರಿಸುವ ಸನ್ನಿವೇಶ ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿದೆ. ಶಕುಂತಲೆಯನ್ನು ತಿರಸ್ಕರಿಸಿ, ಉಂಗುರ ಸಿಕ್ಕ ಮೇಲೆ ಪಶ್ಚಾತ್ತಾಪದಲ್ಲಿ ಬೇಯುತ್ತಿರುವ ದುಷ್ಯಂತ ತಾನೇ ಅವಳ ಚಿತ್ರ ಬರೆದಿದ್ದಾನೆ. ಚಿತ್ರ ಪೂರ್ತಿಯಾಗಿಲ್ಲ. ಇನ್ನೂ ಬರೆಯಬೇಕಾದದ್ದು ಏನೇನೆಂದು ಅವನು ಹೇಳುತ್ತಾನೆ: ಮರಳ ದಿಣ್ಣೆಗಳಲ್ಲಿ ಹಂಸದ ಜೋಡಿಗಳಿರುವ ಮಾಲಿನೀ ನದಿ, ಹಿಮಾಲಯದ ತಪ್ಪಲು, ನಾರುಮಡಿ ತೂಗುಬಿದ್ದ ಮರ, ಅದರಡಿಯಲ್ಲಿ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣುಜಿಂಕೆ. ಚಿತ್ರದಲ್ಲಿಲ್ಲದ್ದನ್ನು ಮಾತು ತುಂಬುತ್ತದೆ. ಚೂಪಾದ ಕೊಂಬಿನ ತುದಿಗೆ ಕಣ್ಣನ್ನು ಒಡ್ಡುವ ನಂಬಿಕೆ ಎಂಥದೆಂದು ದುಷ್ಯಂತ ವಿವರಿಸುವುದಿಲ್ಲ. ಆ ನಂಬಿಕೆಯನ್ನು ಮುರಿದವನು ತಾನೇ ಎಂಬುದು ಅವನಿಗೂ ಪ್ರೇಕ್ಷಕನಿಗೂ ಗೊತ್ತು. ಅನಂತರ ಅವನು ಚಿತ್ರದಲ್ಲಿರುವ ದುಂಬಿಯನ್ನು ಶಕುಂತಲೆಯ ಮುಖದಿಂದ ಓಡಿಸಲು ಗದರುತ್ತಾನೆ. ಅದು ಚಿತ್ರವೆಂದು ವಿದೂಷಕ ನೆನಪಿಸಿದಾಗ, ಎದುರಿಗಿದ್ದ ಪ್ರಿಯೆಯನ್ನು ಮತ್ತೆ ಚಿತ್ರವಾಗಿಸಿಬಿಟ್ಟೆಯಲ್ಲ ಎಂದು ರಾಜ ನೊಂದುಕೊಳ್ಳುತ್ತಾನೆ. ಚಿತ್ರದ ಎದುರು ನಿಂತು ಬರೆಯುವ ಕವಿಯ ಪಾಡೂ ಹೆಚ್ಚುಕಡಿಮೆ ಇದೇ: ಮರೆತಿರುವಷ್ಟು ಹೊತ್ತು ಆಕೃತಿ ಜೀವಂತ, ನೆನಪಾದೊಡನೆ ಬಣ್ಣ ಬಳಿದ ಹಲಗೆ. ಭವಭೂತಿಯ ಉತ್ತರರಾಮಚರಿತೆಯ ಮೊದಲ ಅಂಕದಲ್ಲಿ ವನವಾಸದ ಚಿತ್ರಗಳನ್ನು ನೋಡುತ್ತ ಬೆದರಿದ ಸೀತೆಗೆ ರಾಮನೂ ಇದು ಚಿತ್ರವೆಂದು ಸಮಾಧಾನ ಹೇಳುತ್ತಾನೆ. ಆ ಚಿತ್ರಗಳು ಅವಳಲ್ಲಿ ಹುಟ್ಟಿಸಿದ ಕಾಡು ನೋಡುವ ಆಸೆಯೇ ಮುಂದೆ ಅವಳನ್ನು ಕಾಡಿಗೆ ಅಟ್ಟಲು ನೆಪವಾಗುತ್ತದೆ.

ಕಲಾಕೃತಿಯನ್ನು ಮಾತಾಡಿಸುವ ಕವಿತೆಗಳಲ್ಲಿ ಪ್ರಶ್ನೆಗಳು ಇಷ್ಟೊಂದು ಏಕೆ ಬರುತ್ತವೆ ಎಂಬುದು ಗಮನಿಸಬೇಕಾದ ಸಂಗತಿ. ಕೀಟ್ಸ್ 1819ರಲ್ಲಿ ಗ್ರೀಕ್ ಕಲಶವನ್ನು ಕುರಿತು ಬರೆದ ಪ್ರಗಾಥದ ಮೊದಲ ಚರಣದಲ್ಲೇ ಏಳು ಪ್ರಶ್ನೆಗಳಿವೆ: ಇವರು ಮನುಷ್ಯರೋ ದೇವತೆಗಳೋ, ಈ ಓಟ ಯಾತಕ್ಕೆ, ಈ ಕೊಳಲು ಯಾವುದು. ಡಿ.ವಿ.ಜಿ. ಅವರು ಬೇಲೂರಿನ ಮದನಿಕೆಯರನ್ನು ಕುರಿತು ಕಟ್ಟಿದ ‘ಅಂತಃಪುರಗೀತೆ’ಯಲ್ಲಿಯೂ ಕವಿ ಕಲ್ಲಿನ ಹೆಣ್ಣನ್ನು ನೇರವಾಗಿ ಸಂಬೋಧಿಸಿ, ಏನೀ ಮಹಾನಂದವೇ ಎಂದು ಬೆರಗಿನಿಂದ ಕೇಳುತ್ತಾರೆ. ಕಲಶವೂ ಉತ್ತರಿಸುವುದಿಲ್ಲ, ಮದನಿಕೆಯೂ ಉತ್ತರಿಸುವುದಿಲ್ಲ. ಶಿಲ್ಪಕ್ಕೆ ಮಾತಿಲ್ಲ ಎಂಬುದು ಕವಿಗೆ ಸಿಕ್ಕ ತೆರಪು. ಪ್ರಶ್ನೆ ಕೇಳುವುದೆಂದರೆ ಆ ತೆರಪನ್ನು ಮುಚ್ಚದೆ ಬಳಸಿಕೊಳ್ಳುವುದು. ಉತ್ತರವನ್ನೂ ತಾನೇ ಹೇಳಿಬಿಡುವ ಕವಿತೆ ಸಾಮಾನ್ಯವಾಗಿ ಮಾರ್ಗದರ್ಶಿಯ ವಿವರಣೆಯಾಗಿ ಇಳಿದುಹೋಗುತ್ತದೆ. ಕೀಟ್ಸನ ವರ್ಣನೆಗೆ ಪೂರ್ತಿ ಹೊಂದುವ ಒಂದು ಕಲಶ ಎಲ್ಲೂ ಇಲ್ಲ, ಹಲವನ್ನು ನೋಡಿ ಒಂದನ್ನು ಅವನು ಕಲ್ಪಿಸಿಕೊಂಡಿರಬೇಕು. ಇದರಿಂದ ಕವಿತೆಗೆ ಯಾವ ನಷ್ಟವೂ ಆಗಿಲ್ಲ.

ರಿಲ್ಕೆ ಈ ಸಂಬಂಧವನ್ನು ತಿರುವುಮುರುವು ಮಾಡಿದ. ಪ್ಯಾರಿಸಿನಲ್ಲಿ ಶಿಲ್ಪಿ ರೊದಾಂನ ಕಾರ್ಯದರ್ಶಿಯಾಗಿದ್ದು, ವಸ್ತುವನ್ನು ದಿನಗಟ್ಟಲೆ ನೋಡುವ ಶಿಸ್ತನ್ನು ಅವನಿಂದ ಕಲಿತ ಈ ಕವಿ, ತಲೆಯಿಲ್ಲದ ಅಪೊಲೊ ಮೂರ್ತಿಯನ್ನು ಕುರಿತ ಸಾನೆಟ್ಟನ್ನು 1908ರಲ್ಲಿ ಪ್ರಕಟಿಸಿದ. ಕಣ್ಣುಗಳಿದ್ದ ತಲೆ ಒಡೆದುಹೋಗಿದೆ, ಆದರೆ ಇಡೀ ಮುಂಡವೇ ನೋಡುತ್ತಿದೆ, ನಿನ್ನನ್ನು ಕಾಣದ ಒಂದು ಜಾಗವೂ ಆ ಕಲ್ಲಿನಲ್ಲಿಲ್ಲ ಎನ್ನುತ್ತದೆ ಕವಿತೆ. ಪ್ರಶ್ನೆ ಕೇಳುತ್ತಿದ್ದ ಕವಿ ಇಲ್ಲಿ ಕಲ್ಲಿನ ನೋಟಕ್ಕೆ ಗುರಿಯಾಗಿದ್ದಾನೆ. ಗಮನಿಸಿ, ಇಲ್ಲಿಯೂ ಕವಿತೆ ನೆಲೆಯೂರಿದ್ದು ಶಿಲ್ಪದಲ್ಲಿ ಇಲ್ಲದ ಭಾಗದಲ್ಲಿ.

ಇನ್ನು ಎದುರು ದಿಕ್ಕು. ಕವಿತೆಗೆ ಚಿತ್ರಕಾರ ಕೊಡುವ ಉತ್ತರ. ಇಲ್ಲಿ ಎಡವುವುದು ಇನ್ನೂ ಸುಲಭ, ಏಕೆಂದರೆ ಪದ್ಯದಲ್ಲಿ ಹೆಸರಿಸಿದ ವಸ್ತುಗಳನ್ನೆಲ್ಲ ಬಿಡಿಸಿಟ್ಟರೆ ಕೆಲಸ ಮುಗಿದಂತೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಚೀನಾವನ್ನು ಆಳಿದ, ಸ್ವತಃ ಚಿತ್ರಕಾರನಾಗಿದ್ದ ಹ್ವೇಜೊಂಗ್ ಚಕ್ರವರ್ತಿಯ ಚಿತ್ರಶಾಲೆಯಲ್ಲಿ ಅಭ್ಯರ್ಥಿಗಳಿಗೆ ಪದ್ಯದ ಸಾಲೊಂದನ್ನು ಕೊಟ್ಟು ಚಿತ್ರ ಬರೆಯಿಸುತ್ತಿದ್ದರು. ಹೂಗಳನ್ನು ತುಳಿದು ಬಂದ ಕುದುರೆಯ ಗೊರಸು ಪರಿಮಳಿಸುತ್ತದೆ ಎಂಬರ್ಥದ ಸಾಲನ್ನು ಒಮ್ಮೆ ಕೊಟ್ಟರಂತೆ. ಪರಿಮಳವನ್ನು ಬರೆಯುವುದು ಹೇಗೆ? ಗೆದ್ದವನು ಹೂವನ್ನೇ ಬಿಡಿಸಲಿಲ್ಲ. ನಡೆದುಹೋಗುತ್ತಿರುವ ಕುದುರೆಯ ಗೊರಸನ್ನು ಬೆನ್ನಟ್ಟಿ ಬರುತ್ತಿರುವ ಚಿಟ್ಟೆಗಳನ್ನು ಬಿಡಿಸಿದ ಎಂದು ಕಥೆ. ಬೆಟ್ಟದಲ್ಲಿ ಅಡಗಿದ ದೇಗುಲ ಎಂಬ ಸಾಲಿಗೆ ದೇಗುಲವನ್ನೇ ತೋರಿಸದೆ, ನೀರು ತುಂಬಿಕೊಳ್ಳುತ್ತಿರುವ ಸನ್ಯಾಸಿಯೊಬ್ಬನನ್ನು ಬರೆದವನ ಕಥೆಯೂ ಇದೇ ಜಾತಿಯದು. ಅಡಗಿದ್ದನ್ನು ತೋರಿಸಿದರೆ ಅದು ಅಡಗಿದ್ದು ಹೇಗಾದೀತು? ನಡೆದವೋ ಇಲ್ಲವೋ, ಈ ಕಥೆಗಳಲ್ಲಿ ಒಂದು ಮಾನದಂಡವಿದೆ: ಸಾಲಿನಲ್ಲಿ ಕಣ್ಣಿಗೆ ಎಟುಕದ ಪದ ಯಾವುದೋ ಅದರ ಮೇಲೆಯೇ ಚಿತ್ರಕಾರ ಕೈಯಿಡಬೇಕು. ಎಂಟನೆಯ ಶತಮಾನದ ಕವಿ, ಚಿತ್ರಕಾರ ವಾಂಗ್ ವೇಯ ಕವಿತೆಯಲ್ಲಿ ಚಿತ್ರವಿದೆ, ಚಿತ್ರದಲ್ಲಿ ಕವಿತೆಯಿದೆ ಎಂದು ಚೀನೀ ಕವಿ ಸು ಶಿ ಮೆಚ್ಚಿದ್ದು ಇದೇ ಪರಂಪರೆಯ ಹಿಂದಿನ ತಲೆಮಾರಿನಲ್ಲಿ.

ರಾಗಮಾಲಾ ಚಿತ್ರಗಳಲ್ಲಿ ಮೂರನೆಯ ಕಲೆಯೊಂದು ಸೇರಿಕೊಳ್ಳುತ್ತದೆ. ರಾಗವನ್ನು ವ್ಯಕ್ತಿಯಾಗಿ ಕಲ್ಪಿಸಿದ ಪದ್ಯ ಎಷ್ಟೋ ಚಿತ್ರಗಳ ಮೇಲಂಚಿನಲ್ಲಿರುತ್ತದೆ, ಕೆಳಗೆ ಅದರ ಚಿತ್ರ: ತೋಡಿಗೆ ವೀಣೆ ಹಿಡಿದ ಒಂಟಿ ಹೆಣ್ಣು, ಸುತ್ತ ಕಿವಿಗೊಟ್ಟು ನಿಂತ ಜಿಂಕೆಗಳು. ನಾದ ಪದ್ಯದಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ. ಜಿಂಕೆಗಳ ಕತ್ತಿನ ತಿರುವಿನಲ್ಲಿ ಅದನ್ನು ಊಹಿಸಿಕೊಳ್ಳಬೇಕು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಮೂರ್ತಿಶಿಲ್ಪ ಕಲಿಯಬಯಸಿದ ವಜ್ರರಾಜನಿಗೆ ಮಾರ್ಕಂಡೇಯ, ಅದಕ್ಕೆ ಚಿತ್ರ ತಿಳಿದಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ಎಂದು ಹಿಂದೆ ಹಿಂದೆ ಕರೆದೊಯ್ಯುತ್ತಾನೆ. ಕಲೆಗಳು ಒಂದನ್ನೊಂದು ಆತುಕೊಂಡಿವೆ ಎನ್ನುವ ಈ ಮಾತು ಅವು ಒಂದೇ ಎಂದು ಹೇಳುವುದಿಲ್ಲ.

ಕವಿಯೂ ಚಿತ್ರಕಾರನೂ ಸ್ನೇಹಿತರಾಗಿದ್ದಾಗ ಉತ್ತರದ ಸ್ವರೂಪ ಮತ್ತೊಂದಾಗುತ್ತದೆ. ವಿಲಿಯಮ್ಸ್ ನ್ಯೂಯಾರ್ಕಿನಲ್ಲಿ ಚಿತ್ರಕಾರ ಮಾರ್ಸ್‌ಡನ್ ಹಾರ್ಟ್ಲಿಯನ್ನು ಕಾಣಲು ಹೋಗುತ್ತಿದ್ದಾಗ ಗಂಟೆ ಬಾರಿಸುತ್ತ ಹಾದುಹೋದ ಅಗ್ನಿಶಾಮಕ ವಾಹನವನ್ನು ಕಂಡು, ಕೆಂಪಿನ ಮೇಲೆ ಹೊಳೆದ ಬಂಗಾರದ 5 ಎಂಬ ಅಂಕಿಯನ್ನು ಒಂದೇ ಉಸಿರಿನ 13 ಗಿಡ್ಡ ಸಾಲುಗಳಲ್ಲಿ ಹಿಡಿದಿದ್ದ. ಅವನ ಗೆಳೆಯ ಚಾರ್ಲ್ಸ್ ಡಿಮತ್ 1928ರಲ್ಲಿ ಅದಕ್ಕೆ ಚಿತ್ರ ಬರೆದ. ವಾಹನ ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಒಂದರೊಳಗೊಂದು ಮೂರು 5ಗಳು, ಹಿಂದಕ್ಕೆ ಸರಿಯುತ್ತಿವೆಯೋ ಮೇಲೆ ನುಗ್ಗಿ ಬರುತ್ತಿವೆಯೋ ತಿಳಿಯದಂತೆ ನಿಂತಿವೆ. ಗಂಟೆ, ಸೈರನ್, ಗಾಲಿಗಳ ಸದ್ದಿಗಾಗಿ ಕವಿತೆ ಬಳಸಿದ ಸಾಲುಗಳ ಸ್ಥಾನವನ್ನು ಚಿತ್ರದಲ್ಲಿ ಈ ಗಾತ್ರಬದಲಾವಣೆ ವಹಿಸಿಕೊಂಡಿದೆ. ನಡುನಡುವೆ ಕವಿಯ ಹೆಸರಿನ ತುಣುಕುಗಳು ಅಂಗಡಿಯ ಫಲಕಗಳಂತೆ ಇಣುಕುತ್ತವೆ. ವ್ಯಕ್ತಿಯ ಮುಖವೇ ಇಲ್ಲದ ಭಾವಚಿತ್ರವಾಗಿ ಇದನ್ನು ಓದುವುದುಂಟು, ಮತ್ತು ಅದು ಸರಿಯಾದ ಓದು.

ಇಬ್ಬರೂ ಕೂಡಿಯೇ ಮಾಡಿದ ಕೃತಿಗಳಲ್ಲಿ ಸಾಂದ್ರಾರ್ ಬರೆದು ಸೋನಿಯಾ ಡೆಲೋನೆ ಬಣ್ಣ ಹಾಕಿದ 1913ರ ಟ್ರಾನ್ಸ್‌ಸೈಬೀರಿಯನ್ ರೈಲಿನ ಕವಿತೆ ದಿಟ್ಟವಾದದ್ದು. ಬಿಚ್ಚಿದರೆ ಸುಮಾರು ಎರಡು ಮೀಟರ್ ಉದ್ದದ ಮಡಿಕೆಯ ಹಾಳೆ. ಎಡಕ್ಕೆ ಬಣ್ಣದ ಸುಳಿಗಳು, ಬಲಕ್ಕೆ ಬೇರೆ ಬೇರೆ ಅಚ್ಚಕ್ಷರಗಳಲ್ಲಿ ಕವಿತೆ. ಉದ್ದೇಶಿಸಿದ್ದ 150 ಪ್ರತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಐಫೆಲ್ ಗೋಪುರದ ಎತ್ತರವಾಗುತ್ತದೆ ಎಂಬ ಲೆಕ್ಕವನ್ನೂ ಅವರು ಹಾಕಿದ್ದರು. ಕಾವ್ಯ ಸುದೀರ್ಘ ಪ್ರಯಾಣದ್ದಾದರೂ ಡೆಲೋನೆ ಹಳಿಗಳನ್ನೋ ಹಿಮವನ್ನೋ ಬಿಡಿಸುವ ಗೋಜಿಗೆ ಹೋಗಲಿಲ್ಲ. ಓದುವ ಕಣ್ಣಿನ ಪಕ್ಕದಲ್ಲೇ ಇನ್ನೊಂದು ವೇಗ ಹರಿಯುವಂತೆ ಮಾಡಿದಳು.

ಎರಡೂ ಕೈ ಒಬ್ಬರದೇ ಆಗಿರುವ ಬ್ಲೇಕ್ ಮತ್ತು ರವೀಂದ್ರರ ವಿಷಯ ಪ್ರತ್ಯೇಕ ಬರಹಕ್ಕಾಗುವಷ್ಟಿದೆ. ಬ್ಲೇಕ್ ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು, ಅವುಗಳ ಸುತ್ತ ಬಳ್ಳಿಗಳನ್ನೂ ಆಕೃತಿಗಳನ್ನೂ ಹಬ್ಬಿಸಿ, ಕವಿತೆ ಚಿತ್ರಗಳನ್ನು ಒಟ್ಟಿಗೆ ಅಚ್ಚುಹಾಕುತ್ತಿದ್ದ. ರವೀಂದ್ರರ ಚಿತ್ರಗಳು ಹುಟ್ಟಿದ್ದು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳಿಂದ. ಬೇಡವೆಂದು ಗೀಚಿದ ಪದಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಂತೆ ಅವು ಹಕ್ಕಿಗಳಾಗಿ, ವಿಚಿತ್ರ ಪ್ರಾಣಿಗಳಾಗಿ ಎದ್ದು ನಿಂತವು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಕವಿತೆಗೆ ಬೇಡವಾದದ್ದೇ ಚಿತ್ರಕ್ಕೆ ಬೀಜವಾದ ಇನ್ನೊಂದು ಪ್ರಸಂಗ ನನಗೆ ತಿಳಿದಿಲ್ಲ.

ಇಂಥ ಕೃತಿಗಳನ್ನು ಓದುವವರಿಗೆ ಒಂದು ಸರಳ ಪರೀಕ್ಷೆಯಿದೆ. ಚಿತ್ರವನ್ನು ಮರೆಮಾಡಿ ಕವಿತೆಯನ್ನು ಓದಬೇಕು. ಏನೂ ಅರ್ಥವಾಗದಿದ್ದರೆ ಅದು ಚಿತ್ರದ ಕೆಳಗೆ ಅಂಟಿಸುವ ಚೀಟಿ. ಎಲ್ಲವೂ ಅರ್ಥವಾಗಿ, ಚಿತ್ರವನ್ನು ನೋಡುವ ಆಸೆಯೇ ಹುಟ್ಟದಿದ್ದರೆ ಚಿತ್ರ ಅಲ್ಲಿ ನೆಪ ಮಾತ್ರ. ಓದಿ ಚಿತ್ರಕ್ಕೆ ಮರಳಿದಾಗ ಮೊದಲು ಕಾಣದಿದ್ದದ್ದು ಕಂಡರೆ ಕೆಲಸ ನಡೆದಿದೆ. ಚಿತ್ರಕ್ಕೂ ಇದೇ ಪರೀಕ್ಷೆಯನ್ನು ತಿರುಗಿಸಿ ಒಡ್ಡಬಹುದು.

ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತ ಚಿತ್ರಕಾರರ ನಡುವೆಯೇ ಬದುಕಿದ ಕವಿ ಫ್ರ್ಯಾಂಕ್ ಒಹಾರಾನನ್ನು ಕೊನೆಗೆ ನೆನೆಯಬೇಕು. ಲ್ಯಾರಿ ರಿವರ್ಸ್‌ನ ಜೊತೆ ಕಲ್ಲಚ್ಚಿನ ಚಿತ್ರಗಳನ್ನು ಮಾಡುವಾಗ ಅವನೂ ಬ್ಲೇಕನಂತೆ ಕಲ್ಲಿನ ಮೇಲೆ ತಿರುವುಮುರುವಾಗಿ ಬರೆಯಬೇಕಾಯಿತು. ತಾನೇಕೆ ಚಿತ್ರಕಾರನಲ್ಲ ಎಂದು ವಿವರಿಸಲು ಹೊರಡುವ ಅವನ 1956ರ ಕವಿತೆಯಲ್ಲಿ ಗೆಳೆಯ ಮೈಕ್ ಗೋಲ್ಡ್‌ಬರ್ಗ್ ಒಂದು ಚಿತ್ರ ಬರೆಯುತ್ತಿರುತ್ತಾನೆ, ಅದರಲ್ಲಿ ಸಾರ್ಡೀನ್ ಮೀನಿನ ಹೆಸರಿರುತ್ತದೆ. ದಿನಗಳು ಕಳೆದು ಮತ್ತೆ ಹೋಗಿ ನೋಡಿದರೆ ಅತಿಯಾಯಿತೆಂದು ಅದನ್ನು ಅಳಿಸಿರುತ್ತಾನೆ, ಕೆಲವು ಅಕ್ಷರಗಳಷ್ಟೇ ಉಳಿದಿರುತ್ತವೆ. ಕವಿ ಕಿತ್ತಳೆ ಬಣ್ಣವನ್ನು ಕುರಿತು ಬರೆಯಲು ಕೂತು ಹನ್ನೆರಡು ಕವಿತೆಗಳನ್ನು ಮುಗಿಸುತ್ತಾನೆ, ಕಿತ್ತಳೆಯ ಹೆಸರು ಒಂದರಲ್ಲೂ ಬರುವುದಿಲ್ಲ, ಸಂಗ್ರಹಕ್ಕೆ ‘ಕಿತ್ತಳೆಗಳು’ ಎಂದು ಹೆಸರಿಡುತ್ತಾನೆ. ಗ್ಯಾಲರಿಯಲ್ಲಿ ಮೈಕನ ಚಿತ್ರದ ಹೆಸರು ನೋಡಿದರೆ ‘ಸಾರ್ಡೀನ್‌ಗಳು’. ಆ ಹನ್ನೆರಡು ಕವಿತೆಗಳನ್ನು ಅದಕ್ಕೂ ಮೊದಲೇ, 1952ರಲ್ಲಿ, ಗ್ರೇಸ್ ಹಾರ್ಟಿಗನ್ ಎಂಬ ಚಿತ್ರಕಾರ್ತಿ ಎತ್ತಿಕೊಂಡು, ಅವುಗಳ ಸಾಲುಗಳನ್ನು ಬಣ್ಣದೊಳಕ್ಕೆ ಬೆರೆಸಿ ಹನ್ನೆರಡು ಚಿತ್ರಗಳನ್ನು ಬರೆದಿದ್ದಳು.